ಕೈ ಕಲಿತದ್ದನ್ನು ಕಸಿಯುವ ಹಕ್ಕು ಯಾರದು?

ಒಂದು ಕಾರಿಗೆ ಒಗ್ಗಿಹೋದ ಚಾಲಕ ಇನ್ನೊಂದು ಕಂಪೆನಿಯ ಕಾರು ಹತ್ತಿದಾಗ ಮೊದಲ ತಿರುವಿನಲ್ಲೇ ಒಂದು ತಮಾಷೆ ನಡೆಯುವುದುಂಟು. ಇಂಡಿಕೇಟರ್ ಹಾಕಲು ಹೋದರೆ ಸುಡುಬಿಸಿಲಿನಲ್ಲಿ ವೈಪರ್ ಓಡತೊಡಗುತ್ತದೆ. ನಮ್ಮಲ್ಲಿ ಹೆಚ್ಚಿನ ಕಾರುಗಳಿಗೆ ಇಂಡಿಕೇಟರಿನ ಲಿವರ್ ಸ್ಟಿಯರಿಂಗಿನ ಬಲಬದಿಗಿದೆ. ಯುರೋಪಿನ ಕೆಲವು ಕಂಪೆನಿಗಳ ಕಾರುಗಳಲ್ಲಿ ಅದು ಎಡಬದಿಗಿರುತ್ತದೆ. ಪಕ್ಕದಲ್ಲಿ ಕುಳಿತವರು ನಗುತ್ತಾರೆ, ಚಾಲಕನೂ ನಗುತ್ತಾನೆ, ಒಂದು ವಾರದಲ್ಲಿ ಎಲ್ಲ ಸರಿಹೋಗುತ್ತದೆ. ಆದರೆ ಆ ಒಂದು ಕ್ಷಣದಲ್ಲಿ ಬಯಲಾದ ಸಂಗತಿ ಸಣ್ಣದಲ್ಲ. ಕಾರು ಓಡಿಸುವ ವಿದ್ಯೆ ತಲೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಕೈಯಲ್ಲಿರುತ್ತದೆ. ತಲೆ ರಸ್ತೆಯನ್ನು ನೋಡುತ್ತಿರುತ್ತದೆ, ಕೈ ತನ್ನಷ್ಟಕ್ಕೆ ಕೆಲಸ ಮಾಡುತ್ತಿರುತ್ತದೆ. ಯಾರನ್ನಾದರೂ ನಿಲ್ಲಿಸಿ, ಇಂಡಿಕೇಟರ್ ಹಾಕುವಾಗ ಯಾವ ಬೆರಳನ್ನು ಬಳಸುತ್ತೀರಿ ಎಂದು ಕೇಳಿ ನೋಡಿ. ಇಪ್ಪತ್ತು ವರ್ಷ ಕಾರು ಓಡಿಸಿದವರೂ ಗಾಳಿಯಲ್ಲಿ ಕೈಯಾಡಿಸಿ ನೋಡಿಕೊಂಡೇ ಉತ್ತರ ಹೇಳಬೇಕಾಗುತ್ತದೆ.

ಹೀಗೆ ಕೈಯಲ್ಲಿ ಕುಳಿತ ವಿದ್ಯೆಯನ್ನು ಯಾರಾದರೂ ಒಂದು ದಿನ ಏಕಾಏಕಿ ರದ್ದುಗೊಳಿಸಿದರೆ? ಕಳೆದ ಕೆಲವು ವರ್ಷಗಳಲ್ಲಿ ವಿದ್ಯುತ್ ಕಾರುಗಳ ಲೋಕದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ. 2021ರ ಜನವರಿಯಲ್ಲಿ ಅಮೆರಿಕದ ಟೆಸ್ಲಾ ಕಂಪೆನಿ ತನ್ನ ದುಬಾರಿ ಕಾರುಗಳಾದ ಮಾಡೆಲ್ ಎಸ್ ಮತ್ತು ಮಾಡೆಲ್ ಎಕ್ಸ್‌ಗಳ ಹೊಸ ರೂಪವನ್ನು ಪ್ರಕಟಿಸಿತು. ಅದರಲ್ಲಿ ದುಂಡನೆಯ ಸ್ಟಿಯರಿಂಗ್ ಇರಲಿಲ್ಲ. ಮೇಲ್ಭಾಗವನ್ನು ಕತ್ತರಿಸಿ ತೆಗೆದಂತೆ ಕಾಣುವ, ಎರಡು ಬದಿಗಳಲ್ಲಿ ಮಾತ್ರ ಹಿಡಿ ಇರುವ ಒಂದು ಸಾಧನವಿತ್ತು. ವಿಮಾನದ ಚಾಲಕರು ಹಿಡಿಯುವಂಥದ್ದು. ಇಂಗ್ಲಿಷಿನಲ್ಲಿ ಅದಕ್ಕೆ ಯೋಕ್ ಎನ್ನುತ್ತಾರೆ. ಎಂದರೆ ನಮ್ಮ ನೊಗ. (ನೊಗವಿರುವುದು ಎತ್ತಿನ ಹೆಗಲ ಮೇಲೆ, ಗಾಡಿ ಹೊಡೆಯುವವನ ಕೈಯಲ್ಲಲ್ಲ ಎಂಬುದನ್ನು ಹೆಸರಿಟ್ಟವರು ಯೋಚಿಸಿದ್ದರೋ ಇಲ್ಲವೋ!) ಸ್ಟಿಯರಿಂಗಿನ ಹಿಂದಿದ್ದ ಲಿವರುಗಳೂ ಮಾಯವಾಗಿದ್ದವು. ಇಂಡಿಕೇಟರ್, ವೈಪರ್, ಹೆಡ್‌ಲೈಟ್, ಹಾರ್ನ್ ಎಲ್ಲವೂ ಬೆರಳು ತಾಕಿಸುವ ಪುಟ್ಟ ಗುಂಡಿಗಳಾಗಿ ನೊಗದ ಮೇಲೆಯೇ ಬಂದು ಕುಳಿತಿದ್ದವು. ಗೇರ್ ಹಾಕುವುದು ಪರದೆಯ ಮೇಲೆ ಬೆರಳೆಳೆಯುವ ಮೂಲಕ. ಅದನ್ನೂ ಆದಷ್ಟು ಕಾರೇ ಊಹಿಸಿಕೊಳ್ಳುತ್ತದೆ. ಮುಂದೆ ಗೋಡೆಯಿದ್ದರೆ ಹಿಂದಕ್ಕೆ ಹೋಗಬೇಕೆಂದು ಅದೇ ತಿಳಿದುಕೊಳ್ಳುತ್ತದೆ.

ಇದು ಸಿರಿವಂತರ ಆಟಿಕೆ, ನಮಗೇಕೆ ಅದರ ಉಸಾಬರಿ ಎನ್ನಬಹುದು. ಆದರೆ ಸಿರಿವಂತರ ಆಟಿಕೆಗಳು ಬಹಳ ದಿನ ಅವರಲ್ಲೇ ಉಳಿಯುವುದಿಲ್ಲ. 2023ರ ಸೆಪ್ಟೆಂಬರಿನಲ್ಲಿ ಅದೇ ಕಂಪೆನಿ, ಜಗತ್ತಿನಾದ್ಯಂತ ಲಕ್ಷಗಟ್ಟಲೆ ಜನ ಕೊಂಡಿರುವ ಮಾಡೆಲ್ 3 ಕಾರಿನ ಹೊಸ ಆವೃತ್ತಿಯಲ್ಲಿ ಸ್ಟಿಯರಿಂಗನ್ನು ದುಂಡಗೇ ಉಳಿಸಿ ಲಿವರುಗಳನ್ನು ಮಾತ್ರ ಕಿತ್ತುಹಾಕಿತು. ಎಡ ಮತ್ತು ಬಲ ಇಂಡಿಕೇಟರ್‌ಗಳೆರಡೂ ಸ್ಟಿಯರಿಂಗಿನ ಎಡಗಡೆಯಲ್ಲೇ, ಒಂದರ ಕೆಳಗೊಂದು ಗುಂಡಿಗಳಾದವು.

ಈ ಕಾರುಗಳನ್ನು ಓಡಿಸಿದವರು ಏನೆಂದರು? ಅವರ ಅಭಿಪ್ರಾಯಗಳನ್ನು ಸಮಾಧಾನದಿಂದ ಕೇಳಬೇಕು. ಏಕೆಂದರೆ ಹೊಸತನ್ನು ಕಂಡ ಕೂಡಲೇ ಗೊಣಗುವವರೂ ಅದರಲ್ಲಿದ್ದಾರೆ, ಹೊಸತೆಂಬ ಒಂದೇ ಕಾರಣಕ್ಕೆ ಹೊಗಳುವವರೂ ಇದ್ದಾರೆ. ನೊಗವನ್ನು ಮೆಚ್ಚಿದವರ ಮಾತಿನಲ್ಲಿ ಹುರುಳಿಲ್ಲದಿಲ್ಲ. ಮುಂದಿನ ಫಲಕ ಅಡೆತಡೆಯಿಲ್ಲದೆ ಕಾಣುತ್ತದೆ. ತೊಡೆಗೆ ಜಾಗ ಸಿಗುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ನೇರವಾಗಿ ಹೋಗುವಾಗ ಕೈಗಳು ಕೆಳಗೆ ಆರಾಮವಾಗಿರುತ್ತವೆ. ಒಂದೆರಡು ವಾರ ಕಳೆದ ಮೇಲೆ ಹಳೆಯ ಚಕ್ರವೇ ವಿಚಿತ್ರವೆನಿಸುತ್ತದೆ ಎನ್ನುತ್ತಾರೆ ಅವರು. ಮೆಚ್ಚದವರು ಹೆದ್ದಾರಿಯ ಮಾತೆತ್ತುವುದಿಲ್ಲ, ಗಲ್ಲಿಯ ಮಾತಾಡುತ್ತಾರೆ. ಕಾರು ನಿಲ್ಲಿಸುವಾಗ, ಯು-ತಿರುವು ತೆಗೆದುಕೊಳ್ಳುವಾಗ, ಇಕ್ಕಟ್ಟಿನ ಮೂಲೆಯಲ್ಲಿ ಹೊರಳುವಾಗ ಕೈ ಮೇಲೆ ಕೈ ಹಾಕುತ್ತ ಸ್ಟಿಯರಿಂಗ್ ತಿರುಗಿಸಬೇಕಾಗುತ್ತದೆ. ಆಗ ಮೇಲ್ಭಾಗವನ್ನು ಹಿಡಿಯಲು ಹೋದ ಕೈಗೆ ಸಿಗುವುದು ಬರೀ ಗಾಳಿ.

ಗುಂಡಿಗಳ ಮೇಲಿನ ದೂರು ಇನ್ನೂ ಸೂಕ್ಷ್ಮವಾದದ್ದು. ಲಿವರ್ ಸ್ಟಿಯರಿಂಗಿನ ಜೊತೆ ತಿರುಗುವುದಿಲ್ಲ, ಅದು ಇದ್ದಲ್ಲೇ ಇರುತ್ತದೆ. ಗುಂಡಿಗಳು ಹಾಗಲ್ಲ. ಸ್ಟಿಯರಿಂಗ್ ಅರ್ಧ ಸುತ್ತು ತಿರುಗಿದರೆ ಎಡಗಡೆಯ ಗುಂಡಿಗಳು ಬಲಗಡೆಗೆ ಬರುತ್ತವೆ, ಮೇಲಿದ್ದದ್ದು ಕೆಳಗಾಗುತ್ತದೆ. ಯುರೋಪಿನ ಊರುಗಳಲ್ಲಿ ಸಿಗ್ನಲ್ ದೀಪಗಳಿಗಿಂತ ಸರ್ಕಲ್‌ಗಳನ್ನೇ ನೆಚ್ಚಿಕೊಂಡ ಕಡೆಗಳು ಬಹಳ. ಸರ್ಕಲ್ ಸುತ್ತುತ್ತಿರುವಾಗಲೇ, ಎಂದರೆ ಸ್ಟಿಯರಿಂಗ್ ಓರೆಯಾಗಿರುವಾಗಲೇ, ಹೊರಬೀಳುವ ಸೂಚನೆ ಕೊಡಬೇಕು. ಆ ಹೊತ್ತಿಗೆ ಗುಂಡಿ ಎಲ್ಲಿದೆಯೆಂದು ಕಣ್ಣಿನಿಂದ ಹುಡುಕಬೇಕು. ನಾರ್ವೆಯಲ್ಲಿ ಕಾರು ಕಲಿಸುವ ಶಾಲೆಗಳ ಶಿಕ್ಷಕರೇ ಇದರ ಬಗ್ಗೆ ಅಸಮಾಧಾನ ವ್ಯಕ್ತಪಡಿಸಿದರು. ವಿದ್ಯುತ್ ಕಾರುಗಳನ್ನು ಬೇರಾವ ದೇಶಕ್ಕಿಂತ ಹೆಚ್ಚು ಅಪ್ಪಿಕೊಂಡಿರುವ ದೇಶವದು. ಹೊಸತೆಂದರೆ ಹೆದರುವ ಜನ ಎಂದು ಅವರನ್ನು ತಳ್ಳಿಹಾಕುವಂತಿಲ್ಲ.

ಇಂಥ ದೂರುಗಳಿಗೆಲ್ಲ ಸಿಗುವ ಸಿದ್ಧ ಉತ್ತರ ಒಂದೇ: ರೂಢಿಯಾಗುತ್ತದೆ. ಈ ಮಾತು ನಿಜ. ನಿಜವಾದ್ದರಿಂದಲೇ ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು.

ದುಂಡನೆಯ ಸ್ಟಿಯರಿಂಗ್ ಕೂಡ ಆಕಾಶದಿಂದ ಇಳಿದುಬಂದದ್ದಲ್ಲ. ಮೊದಲ ಮೋಟಾರು ಗಾಡಿಗಳಿಗೆ ದೋಣಿಯ ಚುಕ್ಕಾಣಿಯಂಥ ಒಂದು ಉದ್ದನೆಯ ಹಿಡಿ ಇರುತ್ತಿತ್ತು. 1894ರಲ್ಲಿ ಪ್ಯಾರಿಸ್‌ನಿಂದ ರುವಾನ್‌ಗೆ ನಡೆದ ಮೋಟಾರು ಗಾಡಿಗಳ ಸ್ಪರ್ಧೆಯಲ್ಲಿ ಆಲ್ಫ್ರೆಡ್ ವಾಶೆರಾನ್ ಎಂಬವರು ತಮ್ಮ ಪನಾರ್ ಗಾಡಿಗೆ ಚಕ್ರದಾಕಾರದ ಸ್ಟಿಯರಿಂಗ್ ಕೂಡಿಸಿಕೊಂಡು ಬಂದರು. ಕೆಲವೇ ವರ್ಷಗಳಲ್ಲಿ ಉಳಿದವರೂ ಅದನ್ನೇ ಹಿಡಿದರು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರನ್ನು ಇಂದಿನ ನುರಿತ ಚಾಲಕರಿಗೆ ಕೊಟ್ಟರೆ ಗೇಟು ದಾಟಿಸುವುದೂ ಕಷ್ಟವಾದೀತು. ಅದರ ಮೂರು ಪೆಡಲುಗಳಲ್ಲಿ ಎಡಗಡೆಯದ್ದು ಗೇರಿಗೆ, ನಡುವಿನದ್ದು ಹಿಂದಕ್ಕೆ ಹೋಗಲು, ಬಲಗಡೆಯದ್ದು ಬ್ರೇಕಿಗೆ. ವೇಗ ಹೆಚ್ಚಿಸಲು ಸ್ಟಿಯರಿಂಗಿನ ಕೆಳಗೊಂದು ಹಿಡಿ. ಕೋಟಿಗೂ ಹೆಚ್ಚು ಸಂಖ್ಯೆಯಲ್ಲಿ ಮಾರಾಟವಾದ ಕಾರದು. ಆ ಕಾಲದ ಜನರ ಕೈಗೆ ಅದೇ ರೂಢಿಯಾಗಿತ್ತು, ಆಮೇಲೆ ಬಿಟ್ಟೂ ಹೋಯಿತು. ಆದ್ದರಿಂದ ನಾವು ಕಲಿತದ್ದೇ ಕೊನೆಯದು, ಅದನ್ನು ಮುಟ್ಟಬಾರದು ಎಂಬ ಹಟಕ್ಕೆ ಚರಿತ್ರೆಯ ಬೆಂಬಲವಿಲ್ಲ.

ಅದೇ ಚರಿತ್ರೆಯಲ್ಲಿ ಇನ್ನೊಂದು ಪುಟವೂ ಇದೆ. 1973ರಲ್ಲಿ ಬ್ರಿಟನ್ನಿನ ಆಸ್ಟಿನ್ ಅಲೆಗ್ರೊ ಎಂಬ ಕಾರು ಮೂಲೆಗಳನ್ನು ದುಂಡಗೆ ಮಾಡಿದ ಚೌಕಾಕಾರದ ಸ್ಟಿಯರಿಂಗಿನೊಂದಿಗೆ ಬಂತು. ಫಲಕ ಚೆನ್ನಾಗಿ ಕಾಣುತ್ತದೆ, ಕಾಲಿಗೆ ಜಾಗ ಸಿಗುತ್ತದೆ ಎಂದರು. ಅರ್ಧ ಶತಮಾನದ ನಂತರ ನೊಗಕ್ಕೆ ಕೊಟ್ಟ ಕಾರಣಗಳೂ ಇವೇ ಎಂಬುದನ್ನು ಓದುಗರು ಗಮನಿಸಬೇಕು. ಜನ ನಕ್ಕರು, ಕೊಂಡವರು ಗೊಣಗಿದರು, ಎರಡು ವರ್ಷಗಳಲ್ಲಿ ಕಂಪೆನಿ ಸದ್ದಿಲ್ಲದೆ ದುಂಡನೆಯ ಸ್ಟಿಯರಿಂಗಿಗೆ ಮರಳಿತು. ರೂಢಿಯಾಗುತ್ತದೆ ಎಂದು ಆಗಲೂ ಹೇಳಿರಬಹುದಿತ್ತು. ಮನುಷ್ಯನಿಗೆ ಯಾವುದು ತಾನೇ ರೂಢಿಯಾಗುವುದಿಲ್ಲ? ಸೋರುವ ಮಾಡೂ ರೂಢಿಯಾಗುತ್ತದೆ, ಬಾರದ ಬಸ್ಸೂ ರೂಢಿಯಾಗುತ್ತದೆ. ಒಂದು ವಸ್ತು ರೂಢಿಯಾಯಿತೆಂದರೆ ಮನುಷ್ಯನ ಸಹನೆ ದೊಡ್ಡದೆಂದು ಗೊತ್ತಾಗುತ್ತದೆಯೇ ಹೊರತು ಆ ವಸ್ತು ಒಳ್ಳೆಯದೆಂದು ಸಾಬೀತಾಗುವುದಿಲ್ಲ.

ಹಾಗಾದರೆ ಒಳ್ಳೆಯ ಬದಲಾವಣೆಯನ್ನು ಗುರುತಿಸುವುದು ಹೇಗೆ? ಇಲ್ಲಿ ಸ್ವಲ್ಪ ಯಂತ್ರದ ಒಳಗೆ ಇಣುಕಬೇಕಾಗುತ್ತದೆ. ಸಾಮಾನ್ಯ ಕಾರಿನಲ್ಲಿ ಗಾಲಿಗಳನ್ನು ಪೂರ್ತಿ ಎಡದಿಂದ ಪೂರ್ತಿ ಬಲಕ್ಕೆ ತರಲು ಸ್ಟಿಯರಿಂಗನ್ನು ಸುಮಾರು ಎರಡೂವರೆಯಿಂದ ಮೂರು ಸುತ್ತು ತಿರುಗಿಸಬೇಕು. ಇಷ್ಟು ಸುತ್ತುವುದಕ್ಕೆ ಎಲ್ಲಿ ಹಿಡಿದರೂ ಒಂದೇ ರೀತಿ ಸಿಗುವ ದುಂಡನೆಯ ಆಕಾರವೇ ಅನುಕೂಲ. ವಿಮಾನದ ನೊಗವನ್ನು ಹೀಗೆ ಸುತ್ತಿಸಬೇಕಾಗಿಲ್ಲ, ಅದು ವಾಲುವುದೇ ಅಷ್ಟಿಷ್ಟು. ರೇಸ್ ಕಾರಿನಲ್ಲೂ ಅಷ್ಟೇ, ಚಾಲಕ ಹಿಡಿದ ಕೈ ಬಿಡುವ ಪ್ರಸಂಗವೇ ಬರುವುದಿಲ್ಲ. ಟೆಸ್ಲಾ 2021ರಲ್ಲಿ ಮಾಡಿದ್ದೇನೆಂದರೆ ಕೈ ಬದಲಾಯಿಸಿ ಸುತ್ತಲೇಬೇಕಾದ ಸಾಮಾನ್ಯ ಸ್ಟಿಯರಿಂಗಿನ ವ್ಯವಸ್ಥೆಯನ್ನು ಹಾಗೆಯೇ ಉಳಿಸಿಕೊಂಡು ವಿಮಾನದ ಆಕಾರವನ್ನು ಮಾತ್ರ ತಂದು ಅಂಟಿಸಿದ್ದು. ಕಾರಣವನ್ನು ಬಿಟ್ಟು ಕಾರ್ಯವನ್ನು ಎತ್ತಿಕೊಂಡು ಬಂದಂತಾಯಿತು.

ಇದಕ್ಕೆ ಹೋಲಿಸಿದರೆ ಜಪಾನಿನ ಲೆಕ್ಸಸ್ ಕಂಪೆನಿ ತನ್ನ ಆರ್‌ಝಡ್ ಎಂಬ ವಿದ್ಯುತ್ ಕಾರಿಗೆ ನೊಗವನ್ನು ತಂದ ಬಗೆ ಬೇರೆ. ಅಲ್ಲಿ ಸ್ಟಿಯರಿಂಗಿಗೂ ಗಾಲಿಗೂ ನಡುವೆ ಕಬ್ಬಿಣದ ಕಡ್ಡಿಯಿಲ್ಲ. ತಂತಿಯ ಮೂಲಕ ಸಂದೇಶ ಹೋಗುತ್ತದೆ, ಮೋಟಾರು ಗಾಲಿಯನ್ನು ಹೊರಳಿಸುತ್ತದೆ. ಕಾರು ನಿಧಾನಕ್ಕಿದ್ದಾಗ ಸ್ವಲ್ಪ ತಿರುಗಿಸಿದರೂ ಗಾಲಿ ಬಹಳ ಹೊರಳುತ್ತದೆ, ವೇಗದಲ್ಲಿದ್ದಾಗ ಕಡಿಮೆ. ಮೊದಲು ಪ್ರಕಟಿಸಿದಾಗ ಎರಡೂ ಬದಿಗೆ ಸುಮಾರು 150 ಡಿಗ್ರಿಯಷ್ಟೇ ತಿರುಗುತ್ತಿದ್ದದ್ದನ್ನು ನಂತರ ತಿದ್ದಿ, 2025ರ ಆವೃತ್ತಿಯಲ್ಲಿ 200 ಡಿಗ್ರಿಗೆ ಏರಿಸಿದರು. ಅಷ್ಟು ವರ್ಷ ಕಾಯ್ದು ತಿದ್ದಿದ್ದು ನನಗೆ ಮುಖ್ಯವೆನಿಸುತ್ತದೆ. ಟೆಸ್ಲಾ ಕೂಡ 2023ರ ಕೊನೆಯಲ್ಲಿ ಗಿರಾಕಿಗಳ ಕೈಗಿತ್ತ ಸೈಬರ್‌ಟ್ರಕ್ಕಿನಲ್ಲಿ ತಂತಿಯ ಸ್ಟಿಯರಿಂಗನ್ನು ಅಳವಡಿಸಿತು. ಅದನ್ನು ಓಡಿಸಿದ ಎಷ್ಟೋ ಜನ, ಮೊದಲ ಹತ್ತು ನಿಮಿಷ ಗಾಡಿ ಬೆಚ್ಚಿದ ಕುದುರೆಯಂತೆ ಹೊರಳಿತು, ಆಮೇಲೆ ಅಷ್ಟು ದೊಡ್ಡ ವಾಹನ ಸಣ್ಣ ಕಾರಿನಂತೆ ತಿರುಗಿದ್ದು ಕಂಡು ಖುಷಿಯಾಯಿತು ಎಂದಿದ್ದಾರೆ. ಇಲ್ಲಿ ಕೈಗೆ ಹೊಸ ಪಾಠ ಕಲಿಸಿದ್ದಕ್ಕೆ ಪ್ರತಿಯಾಗಿ ಕೈಗೆ ಏನೋ ಸಿಕ್ಕಿತು. ಕಲಿತದ್ದನ್ನು ಬಿಡು ಎನ್ನುವವರು ಮೊದಲು ಉತ್ತರಿಸಬೇಕಾದ ಪ್ರಶ್ನೆ ಇದು: ಬಿಟ್ಟವರಿಗೆ ಏನು ಸಿಗುತ್ತದೆ? ಲಿವರ್ ತೆಗೆದು ಗುಂಡಿ ಇಟ್ಟದ್ದರಿಂದ ಚಾಲಕರಿಗೆ ಸಿಕ್ಕಿದ್ದೇನು ಎಂದು ಕೇಳಿದರೆ ಒಳಾಂಗಣ ಚೊಕ್ಕವಾಗಿ ಕಾಣುತ್ತದೆ ಎನ್ನುವುದರಾಚೆಗೆ ಹೆಚ್ಚೇನೂ ಹೇಳಲಾಗುವುದಿಲ್ಲ. ಕಂಪೆನಿಗೆ ಒಂದೆರಡು ಬಿಡಿಭಾಗಗಳ ಖರ್ಚು ಉಳಿಯಿತು.

ಆದರೆ ಖರ್ಚಿನ ಹಿಂದೆ ಒಂದು ವಿಚಾರವೂ ಇದೆ. ಟೆಸ್ಲಾದ ಮುಖ್ಯಸ್ಥ ಇಲಾನ್ ಮಸ್ಕ್ ಆ ದಿನಗಳಲ್ಲಿ, ಮನುಷ್ಯ ಯಂತ್ರಕ್ಕೆ ಕೊಡಬೇಕಾಗಿ ಬರುವ ಪ್ರತಿಯೊಂದು ಸೂಚನೆಯೂ ಒಂದು ದೋಷವೇ, ಯಂತ್ರ ತಾನೇ ಮಾಡಬಹುದಾದದ್ದನ್ನು ಮನುಷ್ಯನಿಂದ ಮಾಡಿಸಬಾರದು ಎಂಬರ್ಥದ ಮಾತನ್ನಾಡಿದ್ದರು. ಕೇಳಲು ಚೆನ್ನಾಗಿದೆ. ಸೇವಕನಿಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳಬೇಕಾಗಿ ಬರುವುದು ಯಜಮಾನನಿಗೆ ಕಿರಿಕಿರಿ ತಾನೆ? ಆದರೆ ರಸ್ತೆಯಲ್ಲಿ ಅವಘಡವಾದರೆ ನ್ಯಾಯಾಲಯದ ಕಟಕಟೆ ಹತ್ತುವುದು ಸೇವಕನಲ್ಲ. ತನ್ನ ಸ್ವಯಂಚಾಲನಾ ತಂತ್ರಾಂಶದ ಹೆಸರಿಗೆ 2024ರಲ್ಲಿ ಅದೇ ಕಂಪೆನಿ ‘ಸೂಪರ್‌ವೈಸ್ಡ್’ ಎಂಬ ಪದವನ್ನು ಸೇರಿಸಿತು. ಚಾಲಕರು ಮೇಲ್ವಿಚಾರಣೆ ನಡೆಸುತ್ತಲೇ ಇರಬೇಕು ಎಂದು ಇದರರ್ಥ. ಒಂದು ಕಡೆ ನಿಮ್ಮ ಕೈಯ ಅಗತ್ಯವಿಲ್ಲವೆಂದು ಸಾಧನಗಳನ್ನು ಸವರಿಹಾಕುವುದು, ಇನ್ನೊಂದು ಕಡೆ ಹೊಣೆಯೆಲ್ಲ ನಿಮ್ಮದೇ ಎಂದು ಬರೆದಿಡುವುದು. ಯಾರಿಗಾದರೂ ಜವಾಬ್ದಾರಿ ಹೊರಿಸುವವರು ಅದನ್ನು ನಿಭಾಯಿಸಲು ಬೇಕಾದ ಸಾಮಗ್ರಿಯನ್ನೂ ಒದಗಿಸಬೇಕೆನ್ನುವುದು ನೀತಿಯ ಬಹಳ ಹಳೆಯ ಪಾಠ. ಇಲ್ಲಿ ಹೊಣೆ ಅಷ್ಟೇ ಇದೆ, ಸಾಮಗ್ರಿ ಮಾತ್ರ ಕರಗುತ್ತಿದೆ.

ಗಾಬರಿಯ ಹೊತ್ತಿನಲ್ಲಿ ಇದರ ಬೆಲೆ ತಿಳಿಯುತ್ತದೆ. ಮಗುವೊಂದು ಚೆಂಡಿನ ಹಿಂದೆ ರಸ್ತೆಗೆ ಓಡಿಬಂದಾಗ ಚಾಲಕರು ಯೋಚಿಸಿ ಹಾರ್ನ್ ಒತ್ತುವುದಿಲ್ಲ. ಅಂಗೈ ಸ್ಟಿಯರಿಂಗಿನ ನಡುವಿಗೆ ಹೋಗಿ ಬಡಿಯುತ್ತದೆ. ಮೊದಲ ನೊಗಗಳಲ್ಲಿ ಅಲ್ಲಿ ಹಾರ್ನ್ ಇರಲಿಲ್ಲ. ಬದಿಯಲ್ಲಿದ್ದ ಚಿಕ್ಕ ಗುಂಡಿಯನ್ನು ಹುಡುಕಿ ಬೆರಳಿಡಬೇಕಿತ್ತು. ಚಾಲಕರ ದೂರುಗಳ ನಂತರ ಕಂಪೆನಿ ಹಾರ್ನನ್ನು ಮತ್ತೆ ನಡುವಿಗೆ ತಂದಿತು. ರೂಢಿಯಾಗುತ್ತದೆ ಎನ್ನುವವರು ಮರೆಯುವುದು ಇದನ್ನೇ. ಸಮಾಧಾನದ ಹೊತ್ತಿನ ಕೈ ಒಂದು ವಾರದಲ್ಲಿ ಹೊಸದನ್ನು ಕಲಿತೀತು. ಬೆಚ್ಚಿದ ಹೊತ್ತಿನ ಕೈ ಮಾತ್ರ ಇಪ್ಪತ್ತು ವರ್ಷ ಹಿಂದಿನ ಜಾಗಕ್ಕೇ ಹೋಗುತ್ತದೆ.

ಕಾರಿನ ಮಾತಾಡುತ್ತ ಹಡಗಿನ ಉದಾಹರಣೆಗೆ ಹೋಗುವುದಕ್ಕೆ ಕಾರಣವಿದೆ. ಕೈಯ ಅಭ್ಯಾಸವನ್ನು ಕಡೆಗಣಿಸಿದ್ದರ ಲೆಕ್ಕ ಅಲ್ಲಿ ದಾಖಲಾಗಿದೆ. 2017ರ ಆಗಸ್ಟ್ 21ರಂದು ಅಮೆರಿಕದ ನೌಕಾಪಡೆಯ ಜಾನ್ ಎಸ್. ಮೆಕೇನ್ ಎಂಬ ಯುದ್ಧನೌಕೆ ಸಿಂಗಾಪುರದ ಬಳಿ ಒಂದು ತೈಲ ಹಡಗಿಗೆ ಡಿಕ್ಕಿ ಹೊಡೆಯಿತು. ಹತ್ತು ಮಂದಿ ನಾವಿಕರು ಸತ್ತರು. ಆ ನೌಕೆಯ ಚುಕ್ಕಾಣಿ ಮತ್ತು ವೇಗದ ನಿಯಂತ್ರಣವೆರಡೂ ಸ್ಪರ್ಶ ಪರದೆಗಳಿಗೆ ಹೋಗಿದ್ದವು. ನಿಯಂತ್ರಣವನ್ನು ಒಂದು ಪರದೆಯಿಂದ ಇನ್ನೊಂದಕ್ಕೆ ವರ್ಗಾಯಿಸುವಾಗ ಗೊಂದಲವಾಯಿತು. ಚುಕ್ಕಾಣಿ ಕೈತಪ್ಪಿತೆಂದು ನಾವಿಕರು ಭಾವಿಸಿದರು; ನಿಜಕ್ಕೂ ಅದು ಇನ್ನೊಂದು ಪರದೆಯಲ್ಲಿತ್ತು. ಎರಡು ಎಂಜಿನ್‌ಗಳ ವೇಗವನ್ನೂ ಇಳಿಸಿದೆವೆಂದುಕೊಂಡಾಗ ಒಂದರದ್ದು ಮಾತ್ರ ಇಳಿದಿತ್ತು. ಕೈಯಲ್ಲಿ ಹಿಡಿಯುವ ಎರಡು ಲಿವರುಗಳಿದ್ದಿದ್ದರೆ ಒಂದು ಮುಂದೆ ಒಂದು ಹಿಂದೆ ಇರುವುದು ಮುಟ್ಟಿದರೇ ಗೊತ್ತಾಗುತ್ತಿತ್ತು. ತರಬೇತಿಯ ಕೊರತೆಯೂ ಸೇರಿ ಹಲವು ತಪ್ಪುಗಳು ಅಲ್ಲಿ ಕೂಡಿಕೊಂಡಿದ್ದವು ನಿಜ. ಆಮೇಲೆ ನೌಕಾಪಡೆ ತನ್ನ ನಾವಿಕರನ್ನು ಕೇಳಿತು. ನಮಗೆ ಹಳೆಯ ಲಿವರುಗಳೇ ಬೇಕು ಎಂದು ಅವರು ಹೇಳಿದರು. 2019ರಲ್ಲಿ ಅವುಗಳನ್ನು ಮರಳಿ ಅಳವಡಿಸುವ ತೀರ್ಮಾನವಾಯಿತು. ಪರದೆ ಕೂರಿಸುವ ಮುಂಚೆಯೇ ಅವರನ್ನು ಕೇಳಬಹುದಿತ್ತು.

ಇಷ್ಟು ಹೊತ್ತು ನಾವು ಚಾಲಕರ ಅಭಿಪ್ರಾಯದ ಬಗ್ಗೆಯೇ ಮಾತನಾಡಿದೆವು. ಆದರೆ ಈ ಚರ್ಚೆಯಲ್ಲಿ ಅವರದಷ್ಟೇ ಅಭಿಪ್ರಾಯ ಸಾಕೇ? ನನ್ನ ಮಟ್ಟಿಗೆ ಮುಖ್ಯ ಪ್ರಶ್ನೆ ಇದು. ಚಾಲಕರ ಕೈಯಲ್ಲಿರುವ ಸಾಧನಗಳು ಎರಡು ಬಗೆಯವು. ಸ್ಟಿಯರಿಂಗ್, ಬ್ರೇಕು, ಗೇರುಗಳು ಅವರಿಗೂ ಅವರ ಗಾಡಿಗೂ ನಡುವಿನ ವ್ಯವಹಾರ. ಇಂಡಿಕೇಟರ್ ಮತ್ತು ಹಾರ್ನ್ ಹಾಗಲ್ಲ. ಇಂಡಿಕೇಟರ್ ಹಾಕಿದ್ದರಿಂದ ಕಾರು ಒಂದು ಅಂಗುಲವೂ ಹೊರಳುವುದಿಲ್ಲ. ಅದು ಇತರರ ಜೊತೆ ಆಡುವ ಮಾತು. ‘ನಾನು ಈ ಕಡೆ ತಿರುಗುತ್ತೇನೆ, ನೋಡಿಕೊಳ್ಳಿ’ ಎಂದು ಹಿಂದಿನ ಬೈಕಿನವನಿಗೆ, ಎದುರಿನ ಲಾರಿಯವನಿಗೆ, ರಸ್ತೆ ದಾಟಲು ಕಾದು ನಿಂತ ಮುದುಕಿಗೆ ಹೇಳುವ ಮಾತು. ದೀಪಗಳು ಬರುವ ಮುಂಚೆ ಚಾಲಕರು ಕಿಟಕಿಯಿಂದ ಕೈ ಹೊರಚಾಚಿ ಇದನ್ನೇ ಹೇಳುತ್ತಿದ್ದರು. ಆಮೇಲೆ ಕೆಲವು ಕಾರುಗಳ ಬದಿಯಿಂದ ಕೈಯಂತೆ ಹೊರಚಾಚಿಕೊಳ್ಳುವ ಪುಟ್ಟ ಪಟ್ಟಿಗಳು ಬಂದವು. ಕೈಯಿಂದ ಪಟ್ಟಿಗೆ, ಪಟ್ಟಿಯಿಂದ ದೀಪಕ್ಕೆ ಬಂದ ಪ್ರತಿ ಹಂತದಲ್ಲೂ ಮಾತಾಡುವುದು ಮೊದಲಿಗಿಂತ ಸುಲಭವಾಯಿತು. ಲಿವರಿನಿಂದ ಗುಂಡಿಗೆ ಬಂದಾಗ ಅದು ಕಷ್ಟವಾಯಿತು.

ಮಾತಾಡುವುದು ಕಷ್ಟವಾದರೆ ಜನ ಮಾತು ಕಡಿಮೆ ಮಾಡುತ್ತಾರೆ. ಸರ್ಕಲ್‌ನಲ್ಲಿ ಗುಂಡಿ ಹುಡುಕಲಾರದೆ ಇಂಡಿಕೇಟರ್ ಹಾಕುವುದನ್ನೇ ಬಿಟ್ಟೆವು ಎಂದು ಹೇಳಿದ ಮಾಲೀಕರೂ ಇದ್ದಾರೆ. ಅವರಿಗೆ ಅದರಿಂದ ತೊಂದರೆಯಿಲ್ಲ; ತಾವು ಎಲ್ಲಿಗೆ ಹೋಗುತ್ತೇವೆಂದು ಅವರಿಗೆ ಗೊತ್ತಿದೆ. ತೊಂದರೆ, ಗೊತ್ತಿಲ್ಲದವರಿಗೆ. ನೊಗ ಬೇಕೋ ಚಕ್ರ ಬೇಕೋ ಎಂಬುದನ್ನು ಕೊಳ್ಳುವವರ ಇಷ್ಟಕ್ಕೆ ಬಿಡೋಣ ಎನ್ನುವುದು ಮಾರುಕಟ್ಟೆಯ ನ್ಯಾಯ. ಈ ನ್ಯಾಯದಲ್ಲಿ ಮುದುಕಿಗೆ ಮತವಿಲ್ಲ. ಅವಳು ಕಾರು ಕೊಳ್ಳುವವಳಲ್ಲ, ಕಾರಿನ ಬಗ್ಗೆ ವಿಮರ್ಶೆ ಬರೆಯುವವಳೂ ಅಲ್ಲ. ಆದರೆ ಒಬ್ಬರು ಹೊಸ ಸಾಧನಕ್ಕೆ ಕೈಯೊಗ್ಗಿಸಿಕೊಳ್ಳುವ ಆ ಎರಡು ವಾರಗಳ ಅಭ್ಯಾಸ ನಡೆಯುವುದು ಅವಳು ನಡೆದಾಡುವ ರಸ್ತೆಯಲ್ಲೇ.

ಕಣ್ಣು ರಸ್ತೆಯಿಂದ ಎಷ್ಟು ಹೊತ್ತು ಅತ್ತಿತ್ತ ಹೋಗುತ್ತದೆ ಎಂಬುದನ್ನು ಸ್ವೀಡನ್ನಿನ ವಿ ಬಿಲೆಗಾರೆ ಎಂಬ ಪತ್ರಿಕೆ 2022ರಲ್ಲಿ ಅಳೆದು ನೋಡಿತ್ತು. ಅದು ಪರದೆ ಮತ್ತು ಗುಂಡಿಗಳ ಹೋಲಿಕೆ, ಸ್ಟಿಯರಿಂಗಿನ ಪರೀಕ್ಷೆಯಲ್ಲ. ಗಂಟೆಗೆ 110 ಕಿಲೋಮೀಟರ್ ವೇಗದಲ್ಲಿ ಹೋಗುತ್ತ ರೇಡಿಯೋ, ಎಸಿ ಮುಂತಾದ ನಾಲ್ಕು ಸಣ್ಣ ಕೆಲಸ ಮಾಡಬೇಕು. 2005ರ ಹಳೆಯ ವೋಲ್ವೊದಲ್ಲಿ 10 ಸೆಕೆಂಡಿಗೆ ಮುಗಿದ ಕೆಲಸಕ್ಕೆ ಹೊಸ ಎಂಜಿ ವಿದ್ಯುತ್ ಕಾರಿನಲ್ಲಿ 44.6 ಸೆಕೆಂಡು ಬೇಕಾಯಿತು. ಅಷ್ಟರಲ್ಲಿ ಆ ಕಾರು 1,372 ಮೀಟರ್ ದೂರ ಸಾಗಿತ್ತು.

ಹಳೆಯದನ್ನು ಅಪ್ಪಿಕೊಂಡು ಕೂರಬೇಕೆಂದು ಇದರರ್ಥವಲ್ಲ. ತೋಳಿನಲ್ಲಿ ಬಲವಿಲ್ಲದವರು, ಒಂದೇ ಕೈಯಿರುವವರು, ಕಾಲು ಕಳೆದುಕೊಂಡವರು ದಶಕಗಳಿಂದ ವಿಶೇಷ ಹಿಡಿಗಳನ್ನು, ಕೈಯಿಂದ ನಡೆಸುವ ಬ್ರೇಕುಗಳನ್ನು ಅಳವಡಿಸಿಕೊಂಡು ಕಾರು ಓಡಿಸುತ್ತ ಬಂದಿದ್ದಾರೆ. ಅವರಿಗೆ ದುಂಡನೆಯ ಚಕ್ರ ಯಾವತ್ತೂ ಸಹಜವಾಗಿರಲಿಲ್ಲ. ನಾವು ಸಾಂಪ್ರದಾಯಿಕ ಎನ್ನುವುದೆಲ್ಲ ಎರಡು ಕೈ ಎರಡು ಕಾಲು ಗಟ್ಟಿಯಾಗಿರುವವರ ಸಂಪ್ರದಾಯ. ತಂತಿಯ ಸ್ಟಿಯರಿಂಗಿನಿಂದ ನಿಜವಾದ ಉಪಕಾರವಾಗುವುದಿದ್ದರೆ ಇಂಥವರಿಗೇ ಆದೀತು. ಸಣ್ಣ ಚಲನೆಗೆ ದೊಡ್ಡ ತಿರುವು ಸಿಗುವಂತೆ, ಅವರವರ ಕೈಗೆ ತಕ್ಕಂತೆ ಅದನ್ನು ಹೊಂದಿಸಲು ಸಾಧ್ಯ. ಆದರೆ ಯಾವ ಜಾಹೀರಾತಿನಲ್ಲೂ ಅವರು ಕಂಡ ನೆನಪು ನನಗಿಲ್ಲ. ನೊಗ ಹಿಡಿದು ಕೂತ ಯುವಕ ಖಾಲಿ ಮರುಭೂಮಿಯ ರಸ್ತೆಯಲ್ಲಿ ಹೋಗುತ್ತಿರುತ್ತಾನೆ.

ಕೊನೆಗೆ ಜನರ ಗೊಣಗಾಟಕ್ಕೆ ಬೆಲೆ ಸಿಗದೇ ಹೋಗಲಿಲ್ಲ. 2023ರಲ್ಲಿ ಮಾಡೆಲ್ ಎಸ್ ಮತ್ತು ಎಕ್ಸ್‌ಗಳಿಗೆ ದುಂಡನೆಯ ಸ್ಟಿಯರಿಂಗ್ ಮರಳಿತು; ನೊಗ ಬೇಕಾದವರು ಹೆಚ್ಚು ಹಣ ಕೊಡಬೇಕಾಯಿತು. 2025ರ ಜನವರಿಯಲ್ಲಿ ಬಂದ ಹೊಸ ಮಾಡೆಲ್ ವೈ ಇಂಡಿಕೇಟರಿನ ಲಿವರನ್ನು ಉಳಿಸಿಕೊಂಡೇ ಬಂತು. ಅದೇ ವರ್ಷ ಚೀನಾದಲ್ಲಿ ಮಾಡೆಲ್ 3ಕ್ಕೂ ಲಿವರ್ ವಾಪಸಾಯಿತು. ಯುರೋಪಿನಲ್ಲಿ ಕಾರುಗಳಿಗೆ ಸುರಕ್ಷತೆಯ ನಕ್ಷತ್ರಗಳನ್ನು ಕೊಡುವ ಯುರೋ ಎನ್‌ಕ್ಯಾಪ್ ಸಂಸ್ಥೆ, ಇಂಡಿಕೇಟರ್, ಹಾರ್ನ್, ವೈಪರ್, ಅಪಾಯ ಸೂಚಕ ದೀಪ ಮತ್ತು ತುರ್ತು ಕರೆಗೆ ಪರದೆಯ ಹೊರಗೆ ಮುಟ್ಟಿ ಒತ್ತುವ ಸಾಧನಗಳೇ ಇರಬೇಕು, ಇಲ್ಲದಿದ್ದರೆ ಐದು ನಕ್ಷತ್ರ ಸಿಗದು ಎಂಬ ನಿಯಮವನ್ನು 2026ರಿಂದ ಜಾರಿಗೆ ತಂದಿತು. ಅದು ಕಾನೂನಲ್ಲ, ಆದರೆ ನಕ್ಷತ್ರ ಕಳೆದುಕೊಳ್ಳಲು ಯಾವ ಕಂಪೆನಿಯೂ ಬಯಸುವುದಿಲ್ಲ.

ಆದರೆ ಬಿಲ್ಲು ಯಾರು ತೆತ್ತರು? ಅಮೆರಿಕದಲ್ಲಿ ನೊಗದ ಕಾರು ಕೊಂಡವರು ದುಂಡನೆಯ ಸ್ಟಿಯರಿಂಗ್ ಹಾಕಿಸಿಕೊಳ್ಳಬೇಕಾದರೆ 700 ಡಾಲರ್ ಕೊಡಬೇಕಿತ್ತು. ಚೀನಾದಲ್ಲಿ ಲಿವರ್ ಇಲ್ಲದ ಮಾಡೆಲ್ 3 ಕೊಂಡವರಿಗೆ ಲಿವರ್ ಕೂಡಿಸಿಕೊಡಲು 2,499 ಯುವಾನ್ ಎಂದು ಬೆಲೆ ಕಟ್ಟಿದರು. ಮೊದಲು ಎಲ್ಲ ಕಾರುಗಳ ಜೊತೆ ತಾನಾಗಿಯೇ ಬರುತ್ತಿದ್ದ ವಸ್ತುವನ್ನು ತೆಗೆದು, ಅದರ ಅಗತ್ಯವನ್ನು ಗಿರಾಕಿಗಳ ಪರದಾಟದಿಂದಲೇ ಕಲಿತು, ಕೊನೆಗೆ ಅವರಿಗೇ ಮಾರಿದ ಹಾಗಾಯಿತು. ಪ್ರಯೋಗ ಮಾಡುವುದು ತಪ್ಪಲ್ಲ. ಪ್ರಯೋಗಕ್ಕೆ ಒಳಗಾದವರಿಂದ ಶುಲ್ಕ ವಸೂಲು ಮಾಡುವುದು ನನಗೆ ಸರಿ ಕಾಣುವುದಿಲ್ಲ.

ನಮ್ಮ ದೇಶಕ್ಕೆ ಟೆಸ್ಲಾ ಕಾಲಿಟ್ಟದ್ದು 2025ರ ಜುಲೈಯಲ್ಲಿ, ಮುಂಬಯಿಯ ಒಂದು ಮಳಿಗೆಯ ಮೂಲಕ. ತಂದದ್ದು ಮಾಡೆಲ್ ವೈ, ಹಾಗಾಗಿ ಇಂಡಿಕೇಟರ್ ಲಿವರಿನೊಂದಿಗೇ ಬಂತು. ಅದನ್ನು ಕೊಳ್ಳುವವರು ನಮ್ಮಲ್ಲಿ ಕೆಲವೇ ಮಂದಿ. ಆದರೆ ಬೇರೆ ರೀತಿಯ ಹೊಸ ಹಿಡಿಗಳು ಈಗಾಗಲೇ ನಮ್ಮ ರಸ್ತೆಗಳಲ್ಲಿವೆ. ಟಾಟಾದ ವಿದ್ಯುತ್ ಕಾರುಗಳಲ್ಲಿ ಗೇರು ಕಡ್ಡಿಯ ಬದಲು ತಿರುಗಿಸುವ ಬಿರಡೆ ಬಂದಿದೆ. 2023ರ ನೆಕ್ಸಾನ್‌ನಲ್ಲಿ ಸ್ಟಿಯರಿಂಗಿನ ಹಿಂದಿನ ಪುಟ್ಟ ರೆಕ್ಕೆಗಳನ್ನು ಎಳೆದರೆ ಗೇರು ಬದಲಾಗುವುದಿಲ್ಲ, ಆಕ್ಸಿಲರೇಟರ್ ಬಿಟ್ಟಾಗ ಕಾರು ಎಷ್ಟು ಬಿಗಿಯಾಗಿ ನಿಧಾನವಾಗಬೇಕೆಂಬುದು ಬದಲಾಗುತ್ತದೆ. ಎಸಿಯ ಗುಂಡಿಗಳು ನುಣುಪಾದ ಗಾಜಿನೊಳಗೆ ಸೇರಿಕೊಂಡಿವೆ. ಸ್ವಂತ ಕಾರು ಕೊಂಡವರಿಗೆ ಷೋರೂಮಿನಲ್ಲಿ ಅರ್ಧ ಗಂಟೆ ಕೂರಿಸಿ ಇದನ್ನೆಲ್ಲ ವಿವರಿಸುತ್ತಾರೆ. ನಮ್ಮಲ್ಲಿ ಕಾರು ಓಡಿಸುವವರು ಮಾತ್ರ ಎಷ್ಟೋ ಸಲ ಕಾರು ಕೊಂಡವರಲ್ಲ. ಮನೆಯ ಡ್ರೈವರ್, ಟ್ರಾವೆಲ್ಸಿನ ಡ್ರೈವರ್, ಮದುವೆ ಛತ್ರದೆದುರು ಕಾರು ನಿಲ್ಲಿಸಿಕೊಡುವ ಹುಡುಗ. ಕಾರಿನ ಆಯ್ಕೆಯಲ್ಲಿ ಅವರ ಅಭಿಪ್ರಾಯವನ್ನು ಯಾರೂ ಕೇಳಿರುವುದಿಲ್ಲ. ಇವೇ ಗೊತ್ತಿಲ್ಲವೇನಪ್ಪಾ ಎಂಬ ಮಾತು ಕೇಳಿಸಿಕೊಳ್ಳುವವರು ಮಾತ್ರ ಅವರೇ.

ಬ್ರಿಟನ್ನಿನಲ್ಲಿ ಕ್ಲಚ್ ಇಲ್ಲದ ಕಾರಿನಲ್ಲಿ ಪರೀಕ್ಷೆ ಪಾಸಾದವರಿಗೆ ಕ್ಲಚ್ ಇರುವ ಕಾರು ಓಡಿಸುವ ಪರವಾನಗಿ ಸಿಗುವುದಿಲ್ಲ. ಹಿಡಿ ಬೇರೆಯಾದರೆ ವಿದ್ಯೆಯೂ ಬೇರೆ ಎಂದು ಅಲ್ಲಿಯ ಕಾನೂನು ಅಷ್ಟರಮಟ್ಟಿಗಾದರೂ ಒಪ್ಪಿಕೊಂಡಿದೆ. ನಮ್ಮ ಲೈಸೆನ್ಸಿನಲ್ಲಿ ಆ ಭೇದವೂ ಇಲ್ಲ. ಲರ್ನರ್ ಪರೀಕ್ಷೆಯಲ್ಲಿ ಕಿಟಕಿಯಿಂದ ಕೈ ಚಾಚಿ ಬಲಕ್ಕೆ ತಿರುಗುವ ಸೂಚನೆ ಹೇಗೆ ಕೊಡಬೇಕೆಂಬ ಚಿತ್ರ ಈಗಲೂ ಬರುತ್ತದೆ. ಸಣ್ಣ ಕಾರೊಂದರಲ್ಲಿ ಎಂಟು ಹಾಕಿ ಪಾಸಾದ ಡ್ರೈವರ್ ಕೈಗೆ ಮಾರನೆಯ ದಿನ ಸದ್ದೇ ಇಲ್ಲದ, ಗೇರು ಕಡ್ಡಿಯೂ ಇಲ್ಲದ, ಎರಡು ಟನ್ನಿನ ಗಾಡಿಯ ಕೀ ಕೊಟ್ಟು ವಿಮಾನ ನಿಲ್ದಾಣಕ್ಕೆ ಹೋಗಿಬಾ ಎಂದರೆ ಅವನು ಹೋಗಲೇಬೇಕು. ಯಾವುದು ಎಲ್ಲಿದೆಯೆಂದು ಅವನು ಗೇಟು ದಾಟುವ ಮೊದಲು ಕತ್ತಲಲ್ಲಿ ತಡಕಾಡುತ್ತ ಕಲಿಯಬೇಕು, ಇಲ್ಲವೇ ಗೇಟು ದಾಟಿದ ಮೇಲೆ ಕಲಿಯಬೇಕು.